ಫಾರ್ಮ್ ತುಂಬಿದ ತಕ್ಷಣ ಟ್ರೆಲ್ಲೊದಲ್ಲಿ ಕಾರ್ಡ್

ವರ್ಡ್‌ಪ್ರೆಸ್ ತಾಣದಲ್ಲಿ ಸಂಪರ್ಕ ಫಾರ್ಮ್ ಇಡುವ ಕಾಂಟ್ಯಾಕ್ಟ್ ಫಾರ್ಮ್ 7 ಪ್ಲಗಿನ್ ಮೂಲಕ ಬರುವ ವಿಚಾರಣೆಗಳು ಇನ್‌ಬಾಕ್ಸ್‌ನಲ್ಲಿ ಹೂತುಹೋಗುತ್ತಿದ್ದರೆ ಅವನ್ನು ಟ್ರೆಲ್ಲೊ (ಕೆಲಸಗಳನ್ನು ಕಾರ್ಡ್‌ಗಳಾಗಿ ಪಟ್ಟಿಗಳಲ್ಲಿ ಜೋಡಿಸುವ ಆ್ಯಪ್) ಬೋರ್ಡಿಗೆ ತಿರುಗಿಸಿ. ‘ಹೊಸದು’, ‘ಮಾತುಕತೆ’, ‘ಅವರ ಉತ್ತರ ಬಾಕಿ’, ‘ಮುಗಿದದ್ದು’ ಎಂಬ ನಾಲ್ಕು ಪಟ್ಟಿ ಸಾಕು. ಮೂರನೆಯದನ್ನು ಬಿಡಲೇಬೇಡಿ, ಮರೆತುಹೋಗುವ ಗ್ರಾಹಕರೆಲ್ಲ ಇರುವುದು ಅಲ್ಲೇ.

ಬೋರ್ಡ್ ಮೆನುವಿನ ‘ಇಮೇಲ್-ಟು-ಬೋರ್ಡ್’ನಲ್ಲಿ ಒಂದು ಉದ್ದದ ಇಮೇಲ್ ವಿಳಾಸ ಸಿಗುತ್ತದೆ, ಅದಕ್ಕೆ ಬಂದ ಮೇಲ್ ಬೋರ್ಡಿನಲ್ಲಿ ಕಾರ್ಡ್ ಆಗುತ್ತದೆ. ಕಾರ್ಡ್ ‘ಹೊಸದು’ ಪಟ್ಟಿಯ ಕೆಳಗೆ ಸೇರಲಿ ಎಂದು ಅಲ್ಲೇ ಆರಿಸಿ, ಹಳೆಯದು ಮೇಲೆಯೇ ಉಳಿಯುತ್ತದೆ. ವಿಳಾಸವನ್ನು ಫಾರ್ಮ್‌ನ ಮೇಲ್ ಟ್ಯಾಬ್‌ನಲ್ಲಿ, ನಿಮ್ಮ ವಿಳಾಸದ ಮುಂದೆ ಅಲ್ಪವಿರಾಮ ಹಾಕಿ ಸೇರಿಸಿ. ಅದು ಗೊತ್ತಿದ್ದವರು ಯಾರು ಬೇಕಾದರೂ ಕಾರ್ಡ್ ಹಾಕಬಹುದು, ಗುಟ್ಟಾಗಿಡಿ.

ಹೆಚ್ಚಿನವರು ಎಡವುವುದು ಸಬ್ಜೆಕ್ಟ್ ಸಾಲಿನಲ್ಲಿ. ಅದೇ ಕಾರ್ಡಿನ ಶೀರ್ಷಿಕೆಯಾಗುತ್ತದೆ. ‘ಹೊಸ ಸಂದೇಶ’ ಎಂದಷ್ಟೇ ಇದ್ದರೆ ಇಪ್ಪತ್ತು ಕಾರ್ಡ್‌ಗಳೂ ಒಂದೇ ಥರ ಕಾಣುತ್ತವೆ. ಹೆಸರಿನ ಟ್ಯಾಗ್, ವಿಷಯದ ಟ್ಯಾಗ್ (ಫಾರ್ಮ್‌ನಲ್ಲಿ ತುಂಬಿದ್ದು ಮೇಲ್‌ನಲ್ಲಿ ಬರುವ ಜಾಗ) ಎರಡನ್ನೂ ಇಡಿ: ‘ಸವಿತಾ – ಮದುವೆ ಊಟ, 300 ಜನ’ ಎಂದು ಬಂದರೆ ಕಾರ್ಡ್ ತೆರೆಯುವ ಮೊದಲೇ ಅರ್ಧ ವಿಷಯ ಗೊತ್ತಾಗುತ್ತದೆ. ಫೋನ್ ನಂಬರ್ ಮೇಲ್‌ನ ಮೊದಲ ಸಾಲಿನಲ್ಲಿರಲಿ.

ಕಾಂಟ್ಯಾಕ್ಟ್ ಫಾರ್ಮ್ 7 ತಾನಾಗಿ ಸಂದೇಶಗಳನ್ನು ಉಳಿಸಿಕೊಳ್ಳುವುದಿಲ್ಲ. ಮೇಲ್ ತಪ್ಪಿದರೆ ವಿಚಾರಣೆಯೇ ಹೋಯಿತು, ಹಾಗಾಗಿ ಜೊತೆಗೆ ಅವನ್ನು ಉಳಿಸಿಡುವ ಫ್ಲೆಮಿಂಗೊ ಪ್ಲಗಿನ್ ಹಾಕಿ.