ಕುಲಾವಿಯ ಅಂಚು ಬಿಗಿಯದಂತೆ ಮೊದಲ ಕುಣಿಕೆಗಳನ್ನು ಏರಿಸುವುದು ಹೇಗೆ?

ಕೊಪ್ಪಳದ ಚಳಿ ಹೆಚ್ಚು ದಿನ ನಿಲ್ಲುವುದಿಲ್ಲ. ಕಾರ್ತಿಕದಲ್ಲಿ ಬಂದದ್ದು ಗವಿಮಠದ ಜಾತ್ರೆ ಮುಗಿದ ಮೇಲೆ ಹೊರಡಲು ಅಣಿಯಾಗುತ್ತದೆ. ಆ ಅಷ್ಟು ದಿನಗಳಿಗಾಗಿಯೇ ಮೊಮ್ಮಕ್ಕಳಿಗೆ ಉಲ್ಲನ್ ಕುಲಾವಿ ಹೆಣೆಯುವವರು ನಮ್ಮ ಓಣಿಯಲ್ಲಿದ್ದಾರೆ. ಹೆಣಿಗೆ ಚೆನ್ನಾಗಿಯೇ ಇರುತ್ತದೆ, ಆದರೆ ಕುಲಾವಿ ತೆಗೆದಾಗ ಕೂಸಿನ ಹಣೆಯ ಮೇಲೆ ಕೆಂಪು ಗೆರೆ ಕಾಣುತ್ತದೆ. ತಪ್ಪು ಆಗಿರುವುದು ಕಡ್ಡಿಗೆ ಮೊದಲ ಕುಣಿಕೆಗಳನ್ನು ಏರಿಸುವಾಗ.

ನಡು ದಪ್ಪದ ನೂಲಿಗೆ 4 ಮಿ.ಮೀ. ಕಡ್ಡಿ ಸರಿಹೊಂದುತ್ತದೆ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ಇದು 8ನೇ ನಂಬರು. ಅದರಲ್ಲಿ ನಂಬರು ಏರಿದಂತೆ ಕಡ್ಡಿ ಸಣ್ಣದಾಗುವುದರಿಂದ, ದಪ್ಪನೆಯದು ಸಿಗುತ್ತದೆಂದು 10 ಕೇಳಿದವರಿಗೆ 3.25 ಮಿ.ಮೀ. ಸಿಗುತ್ತದೆ. ಪ್ಲಾಸ್ಟಿಕ್ ಕಡ್ಡಿ ಬೇಡವೇ ಬೇಡ, ಬೆವರಿದ ಕೈಯಲ್ಲಿ ಅಕ್ರಿಲಿಕ್ ನೂಲು ಅದರ ಮೇಲೆ ಜಾರುವುದಿಲ್ಲ. ಬಣ್ಣ ಎದ್ದ ಅಗ್ಗದ ಕಡ್ಡಿಯಂತೂ ಎಳೆಯನ್ನೇ ಸೀಳುತ್ತದೆ.

ನೂಲಿನ ಬಾಲವನ್ನು, ಅಂದರೆ ಉಂಡೆಯಿಂದ ಹೊರಗೆ ಬಿಡುವ ತುದಿಯನ್ನು, ಅಂದಾಜಿನಲ್ಲಿ ಬಿಡಬೇಡಿ. ನೂಲನ್ನು ಕಡ್ಡಿಗೆ ಹತ್ತು ಸುತ್ತು ಸುತ್ತಿ ಬಿಚ್ಚಿ ಅಳೆಯಿರಿ. 80 ಕುಣಿಕೆಗೆ ಅದರ ಎಂಟು ಪಟ್ಟು, ಮೇಲೆ ಒಂದು ಗೇಣು ಇರಲಿ. ಅಲ್ಲಿ ಒಂದು ಜಾರುಗಂಟು ಹಾಕಿ ಕಡ್ಡಿಗೆ ಏರಿಸಿ.

ಈಗ ಬಾಲವನ್ನು ಎಡಗೈಯ ಹೆಬ್ಬೆರಳಿಗೂ ಉಂಡೆಯ ಕಡೆಯ ನೂಲನ್ನು ತೋರುಬೆರಳಿಗೂ ಹಾಯಿಸಿ, ಉಳಿದ ಬೆರಳುಗಳಿಂದ ಎರಡನ್ನೂ ಹಿಡಿಯಿರಿ. ಕಡ್ಡಿಯ ತುದಿಯನ್ನು ಹೆಬ್ಬೆರಳಿನ ಹೊರ ಎಳೆಯ ಕೆಳಗಿನಿಂದ ಮೇಲಕ್ಕೆ ತೂರಿಸಿ, ತೋರುಬೆರಳಿನ ಒಳ ಎಳೆಯನ್ನು ಮೇಲಿನಿಂದ ಕೊಕ್ಕೆಯಂತೆ ಹಿಡಿದು, ಹೆಬ್ಬೆರಳಿನ ಕುಣಿಕೆಯೊಳಗಿಂದ ಹೊರತಂದು ಹೆಬ್ಬೆರಳನ್ನು ಬಿಡಿ.

ಎಲ್ಲರೂ ಎಡವುವುದು ಇದರ ನಂತರದ ಕ್ಷಣದಲ್ಲಿ, ಬಿಗಿಸುವಾಗ. ತೋರುಬೆರಳಿನ ಎಳೆ ಕಡ್ಡಿಯ ಮೇಲಿನ ಕುಣಿಕೆಯಾಗುತ್ತದೆ, ಹೆಬ್ಬೆರಳಿನ ಬಾಲ ಅಂಚಾಗುತ್ತದೆ. ಆದ್ದರಿಂದ ಹಿಂದಿನ ಕುಣಿಕೆಯ ಮೇಲೆ ಬಲಗೈಯ ತೋರುಬೆರಳನ್ನು ಒತ್ತಿಟ್ಟು, ಅದರಿಂದ ಕಡ್ಡಿಯ ದಪ್ಪದಷ್ಟು ದೂರದಲ್ಲಿ ಹೊಸ ಕುಣಿಕೆಯನ್ನು ಕೂರಿಸಿ, ಗಂಟು ಕಡ್ಡಿಯ ಕೆಳಬದಿಗೆ ತಾಗಿದ ಕೂಡಲೇ ಬಾಲವನ್ನು ಎಳೆಯುವುದನ್ನು ನಿಲ್ಲಿಸಬೇಕು. ಇನ್ನೊಂದು ಜಗ್ಗು ಜಗ್ಗಿದರೆ ಎರಡು ಗಂಟುಗಳ ನಡುವಿನ ಎಳೆ ಕುಗ್ಗಿ ಅಂಚು ಹಿಗ್ಗದಂತಾಗುತ್ತದೆ. ಹತ್ತು ಕುಣಿಕೆಯಾದ ಮೇಲೆ ಅವನ್ನು ಸರಿಸಿ ನೋಡಿ: ಉಗುರು ಹಾಕದೆ ಜಾರಿದರೆ ಸರಿ, ಇಲ್ಲವಾದರೆ ಹತ್ತನ್ನೂ ಬಿಚ್ಚಿ. ಎಂಬತ್ತು ಏರಿಸಿ ಬಿಚ್ಚುವ ದುಃಖ ದೊಡ್ಡದು.

ಎರಡು ಕಡ್ಡಿ ಜೋಡಿಸಿ ಕುಣಿಕೆ ಏರಿಸಿದರೆ ಅಂಚು ಸಡಿಲವಾಗುತ್ತದೆ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದರಿಂದ ಮೇಲಿನ ಕುಣಿಕೆಗಳು ಜೋತುಬೀಳುತ್ತವೆಯೇ ಹೊರತು ಗಂಟುಗಳ ನಡುವಿನ ಎಳೆ ಉದ್ದವಾಗುವುದಿಲ್ಲ. ಹೆಬ್ಬೆರಳಿಗೆ ಬರೀ ಒಂದು ಸುತ್ತು ಹಾಕಿ ಕಡ್ಡಿಗೆ ಏರಿಸುತ್ತಾ ಹೋಗುವ ಸುಲಭದ ದಾರಿಯೂ ಇದೆ. ಅದರಲ್ಲಿ ಮೊದಲ ಸಾಲು ಹೆಣೆಯುವಾಗ ನಡುವಿನ ನೂಲು ಉದ್ದವಾಗುತ್ತಾ ಹೋಗಿ ಅಂಚು ಅಲೆಅಲೆಯಾಗುತ್ತದೆ.

ಇಪ್ಪತ್ತಕ್ಕೊಂದು ಬೇರೆ ಬಣ್ಣದ ದಾರ ಸಿಕ್ಕಿಸಿದರೆ ಎಣಿಕೆ ತಪ್ಪುವುದಿಲ್ಲ. ಮೊದಲ ಸಾಲನ್ನು ಅವಸರಪಡದೆ ಹೆಣೆಯಿರಿ. ಬಾಲ ಮಿಕ್ಕಿದ್ದರೆ ಕತ್ತರಿಸಬೇಡಿ, ಕುಲಾವಿಯ ಹಿಂಬದಿಯನ್ನು ಹೊಲಿಯಲು ಅದೇ ನೂಲು ಬೇಕಾಗುತ್ತದೆ.