ರಾತ್ರಿ ಬಸ್ ಎಷ್ಟು ಹೊತ್ತು ಓಡಿತು? ಪೈಥಾನ್‌ಗೆ ಕೇಳುವುದು ಹೀಗೆ

ಬಸ್ ರಾತ್ರಿ 10:40ಕ್ಕೆ ಬೆಂಗಳೂರು ಬಿಟ್ಟು ಬೆಳಗ್ಗೆ 6:10ಕ್ಕೆ ಹುಬ್ಬಳ್ಳಿ ಸೇರಿತು ಅನ್ನಿ. ನೀವು ಬೆರಳು ಮಡಚಿ ಏಳೂವರೆ ಗಂಟೆ ಎಂದುಬಿಡುತ್ತೀರಿ. ಕಂಪ್ಯೂಟರ್ ಆರು ಹತ್ತರಲ್ಲಿ ಇಪ್ಪತ್ತೆರಡು ನಲವತ್ತನ್ನು ಕಳೆದು, ಮೈನಸ್ ಹದಿನಾರೂವರೆ ಗಂಟೆ ಅನ್ನುತ್ತದೆ. ಅದರ ತಪ್ಪಲ್ಲ. ನಡುವೆ ತಾರೀಖು ಬದಲಾಯಿತು ಅಂತ ನಾವು ಹೇಳಲೇ ಇಲ್ಲವಲ್ಲ!

ಮೊದಲು ಕೈಲೆಕ್ಕ ಮಾಡಿ. 22:40 ಅಂದರೆ 1360 ನಿಮಿಷ, 6:10 ಅಂದರೆ 370. ಕಳೆದರೆ ಮೈನಸ್ 990. ಒಂದು ದಿನದ 1440 ನಿಮಿಷ ಕೂಡಿಸಿದರೆ 450. ಅದನ್ನು 60ರಿಂದ ಭಾಗಿಸಿ: 7 ಗಂಟೆ, ಉಳಿದದ್ದು 30 ನಿಮಿಷ. ಉತ್ತರ 7.5 ಎಂದು ಬಂದರೆ ಅದನ್ನು ಏಳು ಗಂಟೆ ಐವತ್ತು ನಿಮಿಷ ಎಂದು ಓದಬೇಡಿ. ಓವರ್‌ಟೈಮ್ ಲೆಕ್ಕದಲ್ಲಿ ನಾನೇ ಒಮ್ಮೆ ಹಾಗೆ ಓದಿ ನಗೆಪಾಟಲಾಗಿದ್ದೇನೆ.

ಈಗ ಪೈಥಾನ್, ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಪ್ರೋಗ್ರಾಮಿಂಗ್ ಭಾಷೆ. ಅದರ ಡೇಟ್‌ಟೈಮ್ ಮಾಡ್ಯೂಲನ್ನು (ಸಿದ್ಧ ಕೋಡಿನ ಕಟ್ಟು) ಇಂಪೋರ್ಟ್ ಮಾಡಿಕೊಳ್ಳಿ, ಅಂದರೆ ನಿಮ್ಮ ಕೋಡಿಗೆ ತಂದುಕೊಳ್ಳಿ. ಅದರಲ್ಲಿ ‘ಟೈಮ್’ ಅಂತಲೂ ಒಂದಿದೆ, ಆದರೆ ಎರಡು ಟೈಮ್‌ಗಳನ್ನು ಕಳೆಯಲು ಹೋದರೆ ಟೈಪ್‌ಎರರ್ ಎಂಬ ದೋಷಸಂದೇಶ ಬರುತ್ತದೆ. ಹಾಗಾಗಿ ತಾರೀಖೂ ಇರುವ ‘ಡೇಟ್‌ಟೈಮ್’ ಬಳಸಿ. ಹೊರಟದ್ದಕ್ಕೆ (2026, 1, 13, 22, 40), ಸೇರಿದ್ದಕ್ಕೆ (2026, 1, 14, 6, 10) ಕೊಡಿ. ಅಭ್ಯಾಸಬಲದಿಂದ 06 ಎಂದು ಬರೆದೀರಿ, ಪೈಥಾನ್ ಆ ಸೊನ್ನೆಯನ್ನು ಒಪ್ಪುವುದಿಲ್ಲ. ಸೇರಿದ್ದರಲ್ಲಿ ಹೊರಟದ್ದನ್ನು ಸುಮ್ನೆ ಕಳೆಯಿರಿ. ಪ್ರಿಂಟ್ ಮಾಡಿದರೆ 7:30:00. ಹೀಗೆ ಸಿಗುವ ವ್ಯತ್ಯಾಸಕ್ಕೆ ಟೈಮ್‌ಡೆಲ್ಟಾ ಎಂದು ಹೆಸರು.

ಅದನ್ನು ಸೆಕೆಂಡಿಗೆ ತಿರುಗಿಸುವಾಗ ಜಾಸ್ತಿ ಜನ ಎಡವುತ್ತಾರೆ. ಟೈಮ್‌ಡೆಲ್ಟಾದ ‘ಸೆಕೆಂಡ್ಸ್’ ಕೇಳಿದರೆ 27000 ಬರುತ್ತದೆ, ಸರಿಯೇ. ಆದರೆ ಒಂದು ದಿನ ಮತ್ತು ಏಳೂವರೆ ಗಂಟೆಯ ರೈಲು ಪ್ರಯಾಣಕ್ಕೂ ಅದೇ 27000! ದಿನಗಳನ್ನು ಪೈಥಾನ್ ‘ಡೇಸ್’ನಲ್ಲಿ ಬೇರೆಯಾಗಿ ಇಟ್ಟಿರುತ್ತದೆ. ಎಲ್ಲ ಸೇರಿಸಿ ಬೇಕಿದ್ದರೆ ‘ಟೋಟಲ್ ಸೆಕೆಂಡ್ಸ್’ ಕರೆಯಿರಿ. ಇದು ಫಂಕ್ಷನ್, ಹೆಸರಿನ ಕೊನೆಗೆ () ಆವರಣ ಚಿಹ್ನೆ ಬೇಕು. ಆಗ ರೈಲಿಗೆ 1,13,400 ಸೆಕೆಂಡು ಬರುತ್ತದೆ.

ಇಂಡಿಯಾದೊಳಗಿನ ಲೆಕ್ಕಕ್ಕೆ ಇಷ್ಟು ಸಾಕು. ಅಮೆರಿಕದಲ್ಲಿರುವ ತಮ್ಮನಿಗೋ ಮಗಳಿಗೋ ಇದೇ ಕೋಡ್ ಕಳಿಸುವುದಾದರೆ ಮಾತ್ರ ಸ್ವಲ್ಪ ನಿಲ್ಲಿ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ನಸುಕಿನ 2 ಗಂಟೆಗೆ ಹೆಚ್ಚಿನ ಕಡೆ ಗಡಿಯಾರವನ್ನು 3ಕ್ಕೆ ಹಾರಿಸುತ್ತಾರೆ. ನ್ಯೂಯಾರ್ಕ್‌ನಲ್ಲಿ 2026ರ ಮಾರ್ಚ್ 7ರ ರಾತ್ರಿ 10:40ಕ್ಕೆ ಶಿಫ್ಟಿಗೆ ಹೋದ ನರ್ಸ್ ಮರುದಿನ 6:10ಕ್ಕೆ ಹೊರಬಂದರೆ, ದುಡಿದದ್ದು ಆರೂವರೆ ಗಂಟೆ. 3.9ನೇ ಆವೃತ್ತಿಯಿಂದ ಪೈಥಾನ್ ಜೊತೆಗೇ ಬರುವ, ಊರೂರಿನ ಸಮಯವಲಯ (ಟೈಮ್ ಝೋನ್) ತಿಳಿಸುವ ‘ಝೋನ್‌ಇನ್ಫೋ’ ಬಳಸಿ ಎರಡಕ್ಕೂ ನ್ಯೂಯಾರ್ಕ್ ಝೋನ್ ಹಾಕಿ ಕಳೆಯಿರಿ. ಆಗಲೂ 7:30 ಎಂದೇ ಬರುತ್ತದೆ! ಎರಡರ ಝೋನೂ ಒಂದೇ ಆಗಿದ್ದರೆ ಪೈಥಾನ್ ಗೋಡೆ ಗಡಿಯಾರದ ಅಂಕಿಗಳನ್ನಷ್ಟೇ ಕಳೆಯುತ್ತದೆ. ನನಗಂತೂ ಇದು ವಿಚಿತ್ರ ಅನಿಸುತ್ತದೆ, ಆದರೆ ಬೇಕೆಂದೇ ಹಾಗೆ ಮಾಡಿದ್ದಾರೆ. ಕಳೆಯುವ ಮುಂಚೆ ಎರಡನ್ನೂ ‘ಆಸ್‌ಟೈಮ್‌ಝೋನ್’ ಕರೆದು ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ, ಗಡಿಯಾರ ಹಾರಿಸದ ಸಮಯ) ತಿರುಗಿಸಿಕೊಳ್ಳಿ. ಈಗ ಪ್ರಿಂಟ್ ಮಾಡಿ ನೋಡಿ: 6:30:00.