ಐದು ಪಿನ್ನಿನ ವೈರ್ ಕೊನೆಗೂ ನಾನೇ ಮಾಡಿದೆ

"ಬೇರೆ ವೈರ್ ಹಾಕಿ ಕೊಡಪ್ಪಾ, ಅಷ್ಟೇ" ಎಂದು ಕೊಡಗಿನ ಸಿದ್ದಾಪುರ ಕಡೆಯ ಮಿಲಿಟರಿ ಅಜ್ಜ ಟೀವಿಯನ್ನು ನನ್ನ ರಿಪೇರಿ ಅಂಗಡಿಯ ಟೇಬಲ್ ಮೇಲಿಟ್ಟು ಹೋದರು. ಆ "ಅಷ್ಟೇ" ಎರಡು ತಿಂಗಳು ತಿಂದಿತು.

ಒಂಬತ್ತು ಇಂಚಿನ ಜಪಾನ್ ಸೆಟ್, ಬ್ಲ್ಯಾಕ್ ಅಂಡ್ ವೈಟ್. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಮ್ಮ ಎಂ.ಎಂ. ಸೋಮಯ್ಯ ಹಾಕಿ ಕ್ಯಾಪ್ಟನ್ ಆಗಿದ್ದರಲ್ಲ, ಆ ಮ್ಯಾಚುಗಳನ್ನು ಅಜ್ಜ ಬೆಂಗಳೂರಿನಲ್ಲಿದ್ದಾಗ ಇದರಲ್ಲೇ ನೋಡಿದ್ದಂತೆ. ಅದರ ವೈರನ್ನು ಅಟ್ಟದಲ್ಲಿ ಇಲಿ ಮುಗಿಸಿತ್ತು. ಹಿಂದುಗಡೆ ಸಾಕೆಟ್ ನೋಡಿದರೆ ಎರಡು ದಪ್ಪ ಪಿನ್, ಮೂರು ಸಣ್ಣ ಪಿನ್. ಟೇಪ್ ರೆಕಾರ್ಡರಿನ ಎಂಟಾಕಾರದ ವೈರ್ ಹತ್ತಿರಕ್ಕೂ ಬರಲಿಲ್ಲ.

ನನಗಿಂತ ಮೊದಲು ಇಬ್ಬರು ಇದನ್ನು ನೋಡಿ "ಸೆಟ್ ಹೋಗಿದೆ" ಎಂದು ವಾಪಸ್ ಕಳಿಸಿದ್ದರು. ಅವರದ್ದೂ ತಪ್ಪಲ್ಲ. ದಪ್ಪ ಪಿನ್ನಿಗೆ ಮನೆಯ 230 ವೋಲ್ಟ್ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದೆ, ಬೆಚ್ಚಗಾಗುತ್ತದೆ, ಆದರೆ ಪರದೆಯಲ್ಲಿ ಚುಕ್ಕಿ ಬೆಳಕೂ ಇಲ್ಲ. ನಾನು ಸೀರೀಸ್ ಬಲ್ಬ್ ಹಾಕಿ ನೋಡಿದೆ, ಶಾರ್ಟ್ ಇಲ್ಲ. ವೋಲ್ಟೇಜ್ ಏರಿಳಿಯದಂತೆ ಹಿಡಿದಿಡುವ ರೆಗ್ಯುಲೇಟರ್ ಹತ್ತಿರ 12 ವೋಲ್ಟ್ ಸರಿಯಾಗೇ ಇತ್ತು. ಬೋರ್ಡಿಗೆ ಹೋಗುವ ಕಡೆ ಸೊನ್ನೆ. ಒಂದು ರಾತ್ರಿ ಬೋರ್ಡಿನ ತಾಮ್ರದ ಟ್ರ್ಯಾಕ್ ಹಿಡಿದು ಹೋದಮೇಲೆ ಗುಟ್ಟು ಸಿಕ್ಕಿತು. ಆ 12 ವೋಲ್ಟ್ ಸಾಕೆಟ್‌ವರೆಗೆ ಬಂದು ನಿಲ್ಲುತ್ತದೆ. ಪ್ಲಗ್ಗಿನೊಳಗೇ ಒಂದು ಜಂಪರ್, ಅಂದರೆ ತುಂಡು ವೈರ್ ಇರಬೇಕು, ಅದು ಎರಡು ಸಣ್ಣ ಪಿನ್ನುಗಳನ್ನು ಸೇರಿಸಬೇಕು. ಕಾರ್ ಬ್ಯಾಟರಿಯ ವೈರ್ ಚುಚ್ಚಿದರೆ ಜಂಪರ್ ಇಲ್ಲ, ಸೆಟ್ ನೇರವಾಗಿ ಬ್ಯಾಟರಿಯಿಂದ ಓಡುತ್ತದೆ. ಜಪಾನಿನವರ ಬುದ್ಧಿ ನೋಡಿ!

"ಸಾಕೆಟ್ ಕಿತ್ತು ಡೈರೆಕ್ಟ್ ವೈರ್ ಹಾಕಿ ಬಿಸಾಕು" ಎಂದರು ಗೆಳೆಯರು. ಹಾಕಬಹುದಿತ್ತು. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಮೂರು ಮೂರು ದಿನ ಕರೆಂಟ್ ಇರುವುದಿಲ್ಲ, ಆಗ ಬೇಕಾಗುವುದೇ ಬ್ಯಾಟರಿ. ತೋಟದ ಕರೆಂಟ್ ಲೈನಿನ ಕೊನೆಯಲ್ಲಿ ಸಂಜೆ 170 ವೋಲ್ಟಿಗೆ ಇಳಿದು ಚಿತ್ರವೇ ಕುಗ್ಗುತ್ತದೆ. ಕರೆಂಟಿನದು, ಬ್ಯಾಟರಿಯದು, ಎರಡೂ ವೈರ್ ಬೇಕೇ ಬೇಕು.

ಆ ಪ್ಲಗ್ ಹುಡುಕಿಕೊಂಡು ಮೈಸೂರು, ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳು. ಬಸ್ಸು, ಊಟ, ರೂಮು ಸೇರಿ 1,800 ರೂಪಾಯಿ ಹೋಯಿತು, ಕೈಗೆ ಬಂದದ್ದು ಧೂಳು. ಆನ್‌ಲೈನಿನಲ್ಲಿ ಹೊರದೇಶದ ಒಬ್ಬರು ಅದೇ ತರದ್ದಕ್ಕೆ ಮೂರು ಸಾವಿರದಷ್ಟು ಕೇಳಿದರು, ಕೊರಿಯರ್ ಬೇರೆ. ಫೋಟೊ ದೊಡ್ಡದು ಮಾಡಿ ಎಣಿಸಿದೆ, ನಾಲ್ಕೇ ಪಿನ್. ಬಚಾವಾದೆ.

ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದವನು ಬಸ್ಸಿಗೆ ಕಾಯುತ್ತಾ ಇದ್ದಾಗ ದಾರಿ ಹೊಳೆಯಿತು. ಅಂಗಡಿಯಲ್ಲಿ ಮುರಿದ ರೇಡಿಯೊ ಏರಿಯಲ್ಲುಗಳ ಕಂತೆಯೇ ಇದೆ. ಒಂದರೊಳಗೊಂದು ಕೂರುವ ಹಿತ್ತಾಳೆ ಕೊಳವೆಗಳು, ಎಲ್ಲ ಸೈಜೂ ಅದರಲ್ಲೇ ಸಿಗುತ್ತದೆ. ಪಿನ್ನಿಗೆ ಹೊಂದುವ ತುಂಡುಗಳನ್ನು ಒಂದೂವರೆ ಸೆಂಟಿಮೀಟರಿನಂತೆ ಕತ್ತರಿಸಿ, ಬಾಯಿಯ ಕಡೆ ಸೀಳಿ, ಮೇಲಿನ ಹೊಳಪು ಉಜ್ಜಿ ತೆಗೆದೆ. ಉಜ್ಜದಿದ್ದರೆ ಬೆಸುಗೆ ಹಿಡಿಯುವುದೇ ಇಲ್ಲ. ಸೀಳಿದ ಬಾಯಿ ಪಿನ್ನನ್ನು ಬಿಗಿಯಾಗಿ ಕಚ್ಚುವಂತೆ ಮಾಡಲು ಒಂದು ಉಪಾಯ ಇದೆ, ಅದನ್ನು ಬರೆಯುವುದಿಲ್ಲ. ಹೊಟ್ಟೆಪಾಡು!

ಕೊಳವೆಗಳನ್ನು ಸಾಕೆಟ್ಟಿನ ಪಿನ್ನುಗಳಿಗೆ ತೊಡಿಸಿ ಸುತ್ತ ಎಂ-ಸೀಲ್ ತುಂಬಿದೆ. ಮೊದಲನೆಯದು ಸಾಕೆಟ್ಟಿಗೇ ಅಂಟಿ ಕೂತಿತು. ಸೂಜಿಯಲ್ಲಿ ಕೆರೆದು ಬಿಡಿಸಲು ಒಂದು ಇಡೀ ದಿನ. ಎರಡನೆಯದಕ್ಕೆ ತೆಂಗಿನೆಣ್ಣೆ ಸವರಿದ್ದರಿಂದ ಚೆನ್ನಾಗಿ ಬಂತು, ಆದರೆ ಆಮೇಲೆ ವೈರ್ ಬೆಸೆಯಲು ಹೋಗಿ ಬಿಸಿಗೆ ಕೊಳವೆ ಸಡಿಲವಾಯಿತು. ಮೂರನೆಯದಕ್ಕೆ ಮೊದಲೇ ವೈರೂ ಜಂಪರೂ ಬೆಸೆದು, ಆಮೇಲೆ ತುಂಬಿದೆ. ಎಣ್ಣೆಯ ಬದಲು ಸವರಿದ ಪದಾರ್ಥ ಎಲ್ಲರ ಅಡುಗೆಮನೆಯಲ್ಲೂ ಇದೆ. ಇಷ್ಟು ಸಾಕು.

ಜುಲೈ ತಿಂಗಳು, ಎಂ-ಸೀಲ್ ಎರಡು ದಿನವಾದರೂ ಮೆತ್ತಗೆ. ಬಚ್ಚಲ ಒಲೆಯ ಪಕ್ಕದ ಗೂಡಿನಲ್ಲಿಟ್ಟೆ, ಬೆಳಗಾಗುವಷ್ಟರಲ್ಲಿ ಕಲ್ಲು. ಮೋಟಾರ್ ವೈಂಡಿಂಗ್ ಮಾಡುವವನ ಮೆಗ್ಗರ್ (ಕರೆಂಟ್ ಸೋರುತ್ತದೆಯೇ ಎಂದು ನೋಡುವ ಮೀಟರ್) ತಂದು 500 ವೋಲ್ಟಿನಲ್ಲಿ ನೋಡಿದೆ, ಮುಳ್ಳು ಇನ್ಫಿನಿಟಿಯಲ್ಲೇ ನಿಂತಿತು, ಅಂದರೆ ಸೋರಿಕೆ ಇಲ್ಲ. ಒಂದು ರಾತ್ರಿ ಜಗಲಿಯ ಮಂಜಿನಲ್ಲಿಟ್ಟು ಮತ್ತೆ ನೋಡಿದರೆ ಸ್ವಲ್ಪ ಇಳಿದಿತ್ತು. ಅವನದೇ ವಾರ್ನಿಷ್ ಎರಡು ಕೋಟ್ ಹೊಡೆದ ಮೇಲೆ ಆ ಸೋರಿಕೆಯೂ ನಿಂತಿತು. ಮೇನ್ಸ್, ಅಂದರೆ 230 ವೋಲ್ಟಿನ ಕೆಲಸ, ಈ ಟೆಸ್ಟ್ ಮಾಡದೆ ಯಾರಿಗೂ ಕೊಡಬೇಡಿ.

ಈಗ ಏರಿಯಲ್ಲಿನಲ್ಲಿ ಏನೂ ಬರುವುದಿಲ್ಲ ಅಲ್ವಾ? ಸತ್ತ ವಿಸಿಆರ್‌ನಿಂದ ಮಾಡ್ಯುಲೇಟರ್ (ವಿಡಿಯೊವನ್ನು ಟೀವಿ ಚಾನೆಲ್ ಆಗಿ ಕಳಿಸುವ ಡಬ್ಬಿ) ಕಿತ್ತು ಡಿಷ್ ಬಾಕ್ಸಿಗೆ ಸೇರಿಸಿದೆ. ಯುಎಚ್‌ಎಫ್ ಚಾನೆಲ್ 36ರ ಆಸುಪಾಸು ಚಿತ್ರ ನಿಂತಿತು. 12 ವೋಲ್ಟಿನಲ್ಲಿ ಸೆಟ್ ಎಳೆಯುವುದು ಒಂದೂಕಾಲು ಆಂಪ್‌ನಷ್ಟು. 7 ಎಎಚ್ (ಆಂಪ್-ಅವರ್) ಬ್ಯಾಟರಿ ನಾಲ್ಕು ಗಂಟೆ ಚಿಲ್ಲರೆ ಬಂತು, ಡಿಷ್ ಬಾಕ್ಸಿಗೆ ಬೇರೆ ಬ್ಯಾಟರಿ.

ಸಾಮಾನಿಗೆ 140 ರೂಪಾಯಿ ಆಗಿರಬಹುದು. ಅಜ್ಜ 1,500 ಕೊಟ್ಟರು. ಬಸ್ ಖರ್ಚು ಲೆಕ್ಕ ಹಾಕಿದರೆ ನಷ್ಟವೇ, ಆದರೆ "ಸೆಟ್ ಹೋಗಿದೆ" ಎಂದವರಲ್ಲಿ ಒಬ್ಬರು ಬಂದು ಪ್ಲಗ್ಗನ್ನು ತಿರುಗಿಸಿ ತಿರುಗಿಸಿ ನೋಡಿದರಲ್ಲ, ಅದಕ್ಕೆ ಬೆಲೆ ಬೇರೆ. ಬ್ಯಾಟರಿ ವೈರಿಗೆ 2 ಆಂಪ್ ಫ್ಯೂಸ್, ಅಡ್ಡಕ್ಕೆ ಒಂದು ಡಯೋಡ್ ಹಾಕಿ ಕೊಟ್ಟಿದ್ದೆ, ಉಲ್ಟಾ ಕೊಟ್ಟರೆ ಸೆಟ್ ಸುಡದೆ ಫ್ಯೂಸ್ ಮಾತ್ರ ಹಾರಲಿ ಎಂದು. ಮೊದಲ ವಾರವೇ ಅಜ್ಜ ಪ್ಲಸ್ ಮೈನಸ್ ತಿರುಗಾಮುರುಗಾ ಕೊಟ್ಟು ಫ್ಯೂಸ್ ಹಾರಿಸಿಯೂ ಆಯಿತು.